ಹಳ್ಳದ ಮೇಲಿನ ಆಕಾಶ

"ಅವ್ವಾ, ನೆಲ ಒಂದು ದಿನದ್ದು, ಆಕಾಶ ಇನ್ನೊಂದು ದಿನದ್ದು. ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿದರೆ ಯಾರಿಗೇನು ನಷ್ಟ?"

ಕೇಳಿದವನು ಫಕೀರೇಶ. ದೊಡ್ಡ ಕ್ಯಾಮೆರಾದಲ್ಲಿ ಬಯಲು, ಬೆಟ್ಟ, ಕೆರೆಗಳ ಕಪ್ಪು ಬಿಳುಪು ಚಿತ್ರ ತೆಗೆಯುವ ವಿದ್ಯೆಯನ್ನು ಅವನು ಸಾವಂತ್ರವ್ವನ ಬಳಿ ಕಲಿಯುತ್ತಿದ್ದ. ಅಂದು ಅವನ ಒಂದು ಕೈಯಲ್ಲಿ ಬೆಟ್ಟದ ಚಿತ್ರವಿತ್ತು. ಬೆಟ್ಟ ಚೆನ್ನಾಗಿ ಬಂದಿತ್ತು. ಬಂಡೆಯ ಒಂದೊಂದು ಬಿರುಕೂ ಕಾಣುತ್ತಿತ್ತು. ಆಕಾಶ ಮಾತ್ರ ತೊಳೆದಿಟ್ಟ ಪರಾತದಂತೆ ಖಾಲಿ. ಇನ್ನೊಂದು ಕೈಯಲ್ಲಿ ಬೇರೆ ಊರಿನಲ್ಲಿ ತೆಗೆದ ಮೋಡಗಳ ನೆಗೆಟಿವ್ ಇತ್ತು.

"ನಷ್ಟ ಯಾರಿಗೆ ಎಂದು ಕೇಳಿದೆ. ಲಾಭ ಯಾರಿಗೆ ಎನ್ನುವುದು ನಿನಗೆ ಆಗಲೇ ಗೊತ್ತಿದೆ," ಎಂದಳು ಸಾವಂತ್ರವ್ವ. "ಎರಡನ್ನೂ ಕೆಳಗಿಟ್ಟು ಕೂತುಕೋ."

ಅವನು ಕೂತ. ಅವಳು ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಚಿತ್ರಗಾರನಿದ್ದ. ಕುಂಚದವನಲ್ಲ, ಕ್ಯಾಮೆರಾದವನು. ಅವನ ಕ್ಯಾಮೆರಾ ಎಂದರೆ ಒಂದು ದೊಡ್ಡ ಮರದ ಪೆಟ್ಟಿಗೆ. ಅದನ್ನು ಗಾಡಿಯಲ್ಲಿ ಹೇರಿಕೊಂಡು, ಎತ್ತು ಹೂಡಿ, ತಾನೇ ಹೊಡೆದುಕೊಂಡು ಹೋಗುತ್ತಿದ್ದ. ಬಯಲಿನಲ್ಲಿ ಮೂರು ಕಾಲಿನ ಸ್ಟ್ಯಾಂಡು ಊರಿ, ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ. ಹಿಂದಿನ ಗಾಜಿನಲ್ಲಿ ಲೋಕ ತಲೆಕೆಳಗಾಗಿ ಕಾಣುತ್ತಿತ್ತು. ಆಕಾಶ ಕೆಳಗೆ, ನೆಲ ಮೇಲೆ. ನೋಡಿ ನೋಡಿ ಅವನಿಗೆ ಅದೇ ಸರಿ ಅನ್ನಿಸತೊಡಗಿತ್ತು.

ಮನುಷ್ಯರ ಮುಖ ತೆಗೆದಿದ್ದರೆ ಅವನ ಮನೆಯ ಮುಂದೆ ಜನ ಸಾಲು ಹಚ್ಚುತ್ತಿದ್ದರು. ಅವನು ಒಲ್ಲೆ ಎಂದ. ಮುಖ ಅಲ್ಲಾಡುತ್ತದೆ, ರೆಪ್ಪೆ ಬಡಿಯುತ್ತದೆ, ಆಮೇಲೆ ನಾನು ಇಷ್ಟು ಕಪ್ಪಗಿಲ್ಲ ಎಂದು ಜಗಳಕ್ಕೆ ಬರುತ್ತದೆ. ಬೆಟ್ಟ ಹಾಗೆ ಬರುವುದಿಲ್ಲ.

ಆಗ ಚಿತ್ರ ಹಿಡಿಯುತ್ತಿದ್ದದ್ದು ಗಾಜಿನ ಪ್ಲೇಟಿನಲ್ಲಿ. ಗಾಜಿನ ಮೇಲೆ ಬೆಳಕು ಹಿಡಿಯುವ ತೆಳ್ಳನೆಯ ಪೊರೆ ಇರುತ್ತಿತ್ತು. ಆ ಪೊರೆಗೆ ಒಂದು ದೋಷ. ನೆಲಕ್ಕೆ ಬೇಕಾದಷ್ಟು ಬೆಳಕು ಬಿಟ್ಟರೆ ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು. ಆಕಾಶಕ್ಕೆ ತಕ್ಕಷ್ಟು ಬಿಟ್ಟರೆ ನೆಲ ಕತ್ತಲಾಗುತ್ತಿತ್ತು. ಎರಡನ್ನೂ ಒಟ್ಟಿಗೆ ಹಿಡಿಯಲು ಆಗುತ್ತಿರಲಿಲ್ಲ. ಅದಕ್ಕೆ ಆ ಕಸುಬಿನವರೆಲ್ಲ ಒಂದು ದಾರಿ ಕಂಡುಕೊಂಡಿದ್ದರು. ಮೋಡ ಚೆನ್ನಾಗಿ ಕವಿದ ದಿನ ಬರೀ ಆಕಾಶವನ್ನು ಒಂದು ಪ್ಲೇಟಿನಲ್ಲಿ ಹಿಡಿದು ಇಟ್ಟುಕೊಳ್ಳುವುದು. ಅದರ ಬುಡದಲ್ಲಿ ಅಷ್ಟಿಷ್ಟು ನೆಲ ಬಂದಿದ್ದರೆ ಬೆಳಕು ತೂರದಂತೆ ಕರಿ ಬಣ್ಣ ಬಳಿದು ಮುಚ್ಚುವುದು. ಚಿತ್ರ ಮಾಡುವಾಗ ಕಾಗದವನ್ನು ಮೊದಲು ನೆಲದ ಪ್ಲೇಟಿನ ಕೆಳಗೆ ಒತ್ತಿ ಬಿಸಿಲಿಗೆ ಇಡುವುದು, ಆಮೇಲೆ ಆಕಾಶದ ಪ್ಲೇಟಿನ ಕೆಳಗೆ. ಬಿಸಿಲು ತಾಗಿದಂತೆ ಕಾಗದ ಕಪ್ಪೇರಿ ಎರಡೂ ಒಂದಾಗುತ್ತಿದ್ದವು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಕೈಚಳಕ ಎನ್ನುತ್ತಿದ್ದರು.

ಚಿತ್ರಗಾರನ ಪೆಟ್ಟಿಗೆಯಲ್ಲಿ ಬಗೆಬಗೆಯ ಆಕಾಶಗಳಿದ್ದವು. ಅವುಗಳಲ್ಲಿ ಒಂದು ಎಲ್ಲವನ್ನೂ ಮೀರಿಸಿತ್ತು. ಕರಿ ಮೋಡ ಗೋಡೆಯಂತೆ ಮೇಲೆದ್ದಿತ್ತು. ಗೋಡೆಯ ನಡುವೆ ಹೊಲಿಗೆ ಬಿಚ್ಚಿದ ಹಾಗೆ ಓರೆಯಾಗಿ ಒಂದು ಸೀಳು. ಸೀಳಿನಿಂದ ಬೆಳಕು ಒಂದೇ ಕಡೆಗೆ ಸುರಿಯುತ್ತಿತ್ತು. ಒಂದು ಸಂಜೆ, ಎಲ್ಲೋ ದೂರದ ಎರೆನೆಲದ ಹಳ್ಳದ ದಂಡೆಯಲ್ಲಿ ನಿಂತು ಹಿಡಿದದ್ದು. ಅಂಥದ್ದು ಅವನಿಗೆ ಮತ್ತೆ ಸಿಗಲಿಲ್ಲ.

ಅದನ್ನು ಅವನು ಕೋಟೆಯ ಮೇಲೆ ಹಾಕಿದ. ಕೋಟೆಯ ಚಿತ್ರ ಮಾರಿಹೋಯಿತು. ಕೆರೆಯ ಮೇಲೆ ಹಾಕಿದ. ಕೆರೆಯೂ ಹೋಯಿತು. ಹಾಳುಬಿದ್ದ ಮಂಟಪ, ಒಂಟಿ ಬೇವಿನ ಮರ, ಉತ್ತ ಹೊಲ, ಕಲ್ಲುಗಣಿ, ಎಲ್ಲದರ ಮೇಲೂ ಅದೇ ಆಕಾಶ ಕವಿಯಿತು. ಒಂದೇ ಮನೆಯ ಗೋಡೆಯ ಮೇಲೆ ಕೋಟೆಯೂ ಕೆರೆಯೂ ಅಕ್ಕಪಕ್ಕ ತೂಗುತ್ತಿದ್ದವು, ಎರಡರ ಮೇಲೂ ಅದೇ ಮೋಡ, ಅದೇ ಸೀಳು. ಯಾರಿಗೂ ಗೊತ್ತಾಗಲಿಲ್ಲ. ಜನ ಕೆಳಗೆ ನೋಡಿ ಊರನ್ನು ಗುರುತಿಸುತ್ತಾರೆ, ಮೇಲೆ ನೋಡಿ ಅಲ್ಲ.

ಪೇಟೆಯ ಹತ್ತಿ ಸಾಹುಕಾರನೊಬ್ಬ ಊರ ಹಿಂದಿನ ಗುಡ್ಡದ ಚಿತ್ರ ಕೊಂಡ.

"ಏನ್ರೀ ಇದು! ನಮ್ಮ ಗುಡ್ಡದ ಮ್ಯಾಲೆ ಇಂಥಾ ಆಕಾಶ ನಾ ಒಂದಿನಾನೂ ಕಂಡಿಲ್ಲಲ್ರೀ?"

"ನೀವು ತಕ್ಕಡಿ ನೋಡೂ ಮುಂದ ಬಂದು ಹೋಗಿರಬೇಕ್ರಿ, ಸಾವ್ಕಾರ್ರ."

ಸಾಹುಕಾರ ಹೊಟ್ಟೆ ಅಲುಗುವಂತೆ ನಕ್ಕು ಚಿತ್ರವನ್ನು ಮಲಗುವ ಕೋಣೆಯಲ್ಲಿ ತೂಗಿಸಿದ. ಅವನ ಹೆಂಡತಿ ಅದನ್ನು ಗೋಡೆಯ ಕಡೆಗೆ ತಿರುಗಿಸಿದಳು. ಯಾಕೆಂದು ಕೇಳಿದರೆ, "ಆ ಗುಡ್ಡದ ಹಿಂದಿಂದ ಯಾರೋ ಈಗ ಬರ್ತಾರ ಅನಸ್ತೈತ್ರಿ. ಬರೂದೂ ಇಲ್ಲ. ನನಗ ನಿದ್ದಿ ಹತ್ತಂಗಿಲ್ಲ," ಎಂದಳು. ಸಾಹುಕಾರ ಚಿತ್ರವನ್ನು ಅಂಗಡಿಯ ಪಡಸಾಲೆಗೆ ತಂದ.

ಬೇರೆ ಮನೆಗಳಿಂದಲೂ ಇಂಥ ಮಾತು ಬರುತ್ತಿತ್ತು. ಕೆರೆಯ ಚಿತ್ರ ಕೊಂಡವನು, "ನೀರಿನ ದಂಡ್ಯಾಗ ಯಾರನೋ ಬಿಟ್ಟು ಬಂದಂಗ ಆಗ್ತೈತಿ ನೋಡ್ರಿ," ಎಂದ. ಮಂಟಪದ ಚಿತ್ರವಿದ್ದ ಮನೆಯಲ್ಲಿ ಮಕ್ಕಳು ಅದರ ಮುಂದೆ ಆಡುತ್ತಿರಲಿಲ್ಲ. ಚಿತ್ರಗಾರನಿಗೂ ಅದು ಗೊತ್ತಿತ್ತು. ಬಿಸಿಲಿನಲ್ಲಿ ಕಾಗದ ಕಪ್ಪೇರುವುದನ್ನು ನೋಡುತ್ತ ಕೂತಾಗ, ಆಕಾಶ ಇಳಿಯುವ ತನಕ ಕೋಟೆ ಬರೀ ಕೋಟೆಯಾಗಿರುತ್ತಿತ್ತು. ಆಕಾಶ ಇಳಿದ ಮೇಲೆ ಅದು ಯಾರಿಗೋ ಕಾಯುತ್ತಿರುವ ಜಾಗವಾಗುತ್ತಿತ್ತು. ಬೇರೆ ಯಾವ ಆಕಾಶ ಹಾಕಿದರೂ ಹೀಗೆ ಆಗುತ್ತಿರಲಿಲ್ಲ. ಇದೇ ಕಲೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೂ ಆ ಪ್ಲೇಟನ್ನು ಒಳಗಿಡುವಾಗ ಮಗ್ಗುಲು ಬದಲಿಸಿ, ಅದರ ಮುಖ ತನಗೆ ಕಾಣದ ಹಾಗೆ ಇಡುತ್ತಿದ್ದ.

ಸಾಹುಕಾರನ ಪಡಸಾಲೆಗೆ ಒಂದು ಹಗಲು, ಹತ್ತಿ ಬಿಡಿಸುವ ಕೂಲಿಗೆ ಹೊರಗಿನಿಂದ ಬಂದ ಒಬ್ಬ ಹೆಂಗಸು ನೀರು ಕೇಳಿಕೊಂಡು ಬಂದಳು. ತಂಬಿಗೆ ಕೈಗೆ ಬಂತು, ಬಾಯಿಗೆ ಹೋಗಲಿಲ್ಲ.

"ಏನವಾ, ಚಿತ್ರ ನೋಡಿದ್ರ ನೀರಡಿಕಿ ಹೋಗ್ತೈತೇನು?" ಎಂದ ಸಾಹುಕಾರ.

"ಸಾವ್ಕಾರ್ರ, ಈ ಗುಡ್ಡ ಯಾವೂರದು?"

"ಇಲ್ಲೇದು. ನಮ್ಮ ಪೇಟಿ ಹಿಂದಿಂದು. ಬರೂ ಮುಂದ ನೋಡಿಲ್ಲೇನು?"

"ಗುಡ್ಡ ನಿಮ್ಮದ ಇರಬಹುದ್ರಿ. ಆಕಾಶ ನಮ್ಮೂರದು."

"ಆಕಾಶಕ್ಕ ಊರು ಎಲ್ಲೈತಿ, ಹುಚ್ಚಿ!"

ಅವಳು ವಾದಿಸಲಿಲ್ಲ. ಚಿತ್ರ ತೆಗೆದವನ ಮನೆ ಎಲ್ಲಿ ಎಂದು ಕೇಳಿ, ತಂಬಿಗೆಯನ್ನು ಹಾಗೇ ಕೆಳಗಿಟ್ಟು ಹೊರಟಳು.

ಚಿತ್ರಗಾರ ಅಂಗಳದಲ್ಲಿ ಪ್ಲೇಟು ಒರೆಸುತ್ತಿದ್ದ. ಬಾಗಿಲಲ್ಲಿ ನೆರಳು ಬಿತ್ತು. ಮುಖ ತೆಗೆಸಿಕೊಳ್ಳಲು ಬಂದವರಿರಬೇಕೆಂದು ಅವನು ತಲೆ ಎತ್ತದೆಯೇ, "ಇಲ್ಲಿ ಮಾರಿ ತಗಿಯೂದಿಲ್ಲ ಯವ್ವಾ," ಎಂದ.

"ನನ್ನ ಮಾರಿ ಯಾರಿಗೆ ಬೇಕಾಗೈತ್ರಿ," ಎಂದಳು ಅವಳು. "ಸಾವ್ಕಾರ್ರ ಪಡಸಾಲ್ಯಾಗಿನ ಆಕಾಶ ನೀವ ಏನು ಹಿಡದದ್ದು?"

"ಹೌದು."

"ಅದರ ಕೆಳಗ ನಮ್ಮ ಹಳ್ಳ ಇತ್ತು. ಅದನ್ನ ಎಲ್ಲಿಟ್ಟೀರಿ?"

ಅವನು ಈಗ ತಲೆ ಎತ್ತಿದ. ತಲೆ ಕೆಟ್ಟವಳು ಅಂದುಕೊಂಡ. ಆದರೆ ಅವಳು ತೋರುಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದಳು. ಮೋಡ ಎಲ್ಲಿಂದ ಎದ್ದಿತ್ತು, ಸೀಳು ಎಲ್ಲಿ ಶುರುವಾಗಿ ಎಲ್ಲಿ ಸಣ್ಣಗಾಗಿತ್ತು, ಬೆಳಕು ಯಾವ ಕಡೆಗೆ ಬಾಗಿತ್ತು. ಒಂದೂ ತಪ್ಪಿರಲಿಲ್ಲ. ಆ ಆಕಾಶ ಲೋಕದಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನು ಇಷ್ಟು ದಿನ ತಿಳಿದಿದ್ದ.

"ಬಾಗಲದಾಗ ನಿಂತು ನೋಡಿದ್ದು," ಎಂದಳು ಹೆಂಗಸು. "ಪೂರಾ ಕರಗೂ ತನಕ ನೋಡಿದ್ದು. ಮರೀಲಿ ಅಂದ್ರ ಮರ್ಯಂಗಿಲ್ಲ."

ಅವಳು ಹೇಳಿದ್ದು ಇಷ್ಟು. ಆ ಸಂಜೆ ಅವಳಿಗೂ ಅವಳ ಗಂಡನಿಗೂ ಜಗಳವಾಯಿತು. ಅವಳು ಆಡಬಾರದ ಮಾತು ಆಡಿದಳು. ಅವನು ಹಳ್ಳ ದಾಟಿ ಹೋದ. ಆಚೆ ದಂಡೆಯಲ್ಲಿ ಕುರಿಗಾರರ ಹಟ್ಟಿ ಇತ್ತು. ಮೋಡ ನೋಡಿ ಅವರು ಅವತ್ತೇ ಹಟ್ಟಿ ಕಿತ್ತುಕೊಂಡು ಹೋದರು. ಊರಿನಲ್ಲಿ ಒಂದು ಹನಿ ಮಳೆ ಬೀಳಲಿಲ್ಲ. ಆದರೆ ಮೇಲೆಲ್ಲೋ ಬಿದ್ದಿತ್ತು. ಒಣಗಿದ ಹಳ್ಳದ ಮರಳಿನ ಮೇಲೆ ನೀರು ಎದ್ದು ನಿಂತುಕೊಂಡೇ ಬಂತು. ಗಂಡ ಮನೆಗೆ ಬರಲಿಲ್ಲ. ಹೆಣವೂ ಸಿಗಲಿಲ್ಲ.

"ಕುರಿಯವರ ಹಿಂದ ಹೋಗ್ಯಾನ ಅಂತಾರ ಮಂದಿ. ಎಲ್ಲೋ ಸುಖವಾಗಿ ಅದಾನ ಅಂತಾರ. ನನಗ ಊರಾಗ ಹೆಸರ ಇಟ್ಟಾರ್ರಿ, ಓಡಿಸಿದಾಕಿ ಅಂತ. ಸತ್ತಿದ್ರ ಮಣ್ಣು ಕೊಡಬೇಕಲ್ಲ? ಹೆಣ ಇಲ್ಲದ ಮಣ್ಣು ಹೆಂಗ ಕೊಡ್ತಿ, ನಾಳೆ ಎದ್ದು ಬಂದ್ರ ಏನು ಮಾಡ್ತಿ ಅಂತಾರ ಹಿರ್ಯಾರು. ಅತ್ತಿ ಕೈಯಾನ ಬಳಿ ತಗೀಬ್ಯಾಡ ಅಂತಾಳ. ಮೈದುನ ಬಳಿ ಕಂಡ್ರ ಉಗುಳತಾನ. ನನಗ ಒಂದ ತಿಳೀಬೇಕ್ರಿ. ನೀರು ಬರೂ ಹೊತ್ತಿಗೆ ಅವ ಹೋಗತಿದ್ದನೋ, ಬರತಿದ್ದನೋ. ಅಷ್ಟ."

"ನನ್ನ ಕಣ್ಣಿಗೆ ಯಾರೂ ಬೀಳಲಿಲ್ಲ ಯವ್ವಾ. ಅಲ್ಲಿ ನಾ ಒಬ್ಬನ ಇದ್ದೆ."

"ನಿಮ್ಮ ಕಣ್ಣಿನ ಮಾತು ಬಿಡ್ರಿ. ನಿಮ್ಮ ಪೆಟಗೀ ಕಣ್ಣಿಗೆ ಬಿದ್ದಿರಬೇಕು."

ಚಿತ್ರಗಾರ ಒಳಗೆ ಹೋಗಿ ಪ್ಲೇಟು ತಂದು ಬೆಳಕಿಗೆ ಹಿಡಿದ. ಮೇಲೆ ಮೋಡ. ಬುಡದಲ್ಲಿ ಕೈಯಗಲದ ಕರಿ ಪಟ್ಟಿ.

"ನೋಡು. ಕೆಳಗ ಬಣ್ಣ ಬಳದೀನಿ. ಏನೂ ಕಾಣೂದಿಲ್ಲ."

"ತೊಳೀರಿ."

"ಹಳೇ ಪ್ಲೇಟು. ನೀರಾಗ ಇಟ್ರ ಪೊರೆ ಏಳ್ತೈತಿ. ಆಕಾಶ ಪೂರಾ ಹೋಗ್ತೈತಿ."

ಹೆಂಗಸು ಕತ್ತೆತ್ತಿ ಅಂಗಳದ ಮೇಲೆ ನೋಡಿದಳು. "ಇನ್ನೂ ಭಾಳ ಐತಲ್ರೀ," ಎಂದಳು.

ನಾಳೆ ಬಾ ಎಂದು ಅವನು ಬಾಗಿಲು ಮುಂದೆ ಮಾಡಿದ. ಅವಳು ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತಳು.

ಅವನು ಒಳಗೆ ಯೋಚಿಸಿದ. ಪ್ಲೇಟು ಹೋದರೆ ತನ್ನ ಹೆಸರೂ ಹೋಯಿತು. ಇವಳಿಗೆ ಬೇಕಾದದ್ದು ಒಂದು ಸಣ್ಣ ಸಮಾಧಾನ. ಎಂದೂ ಇಲ್ಲದ ಆಕಾಶವನ್ನು ಬೆಟ್ಟದ ಮೇಲೆ ಹಾಕಿದವನಿಗೆ, ಎಂದೂ ಇಲ್ಲದ ಮನುಷ್ಯನನ್ನು ಮರಳಿನ ಮೇಲೆ ನಿಲ್ಲಿಸುವುದು ಏನು ಕಷ್ಟ? ಯಾವುದಾದರೂ ಹಳ್ಳದ ಪ್ಲೇಟು ತೆಗೆದುಕೊಂಡು, ಅದರ ಮೇಲೆ ಊರ ಕಡೆ ಮುಖ ಮಾಡಿ ಬರುವ ಒಬ್ಬನನ್ನು ಕೂಡಿಸಿದರೆ ಆಯಿತು. ಮುಖ ಕಾಣದಷ್ಟು ಸಣ್ಣಗೆ. ಅವಳು ನಂಬುತ್ತಾಳೆ, ಅತ್ತು ಹೋಗುತ್ತಾಳೆ, ಆಕಾಶ ಉಳಿಯುತ್ತದೆ.

ಅವನು ಪೆಟ್ಟಿಗೆಗಳನ್ನೆಲ್ಲ ತೆರೆದ. ಒಂದೊಂದೇ ಪ್ಲೇಟು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಹಳ್ಳ ಸಿಕ್ಕಿತು. ಮರಳು ಸಿಕ್ಕಿತು. ಬಂಡೆ, ಹೊಲ, ಮರ, ಗೋಡೆ, ಮೆಟ್ಟಿಲು ಸಿಕ್ಕವು. ಮನುಷ್ಯ ಸಿಗಲಿಲ್ಲ. ಜನ್ಮವೆಲ್ಲ ತೆಗೆದ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಇಷ್ಟು ಊರುಗಳಿದ್ದೂ ಒಳಗೆ ಎಲ್ಲಿಯೂ ಯಾರೂ ವಾಸವಾಗಿರಲಿಲ್ಲ. ಆ ಗಾಜುಗಳ ನಡುವೆ ಕೂತಿದ್ದ ಅವನಿಗೆ ಮೊದಲ ಸಲ ತನ್ನ ಮನೆಯಲ್ಲಿ ಹೆದರಿಕೆಯಾಯಿತು.

ಅವನು ಬಾಗಿಲು ತೆರೆದು, "ಒಳಗ ಬಾ," ಎಂದ.

ಅಗಲ ಬೋಗುಣಿಯಲ್ಲಿ ನೀರು ಹಾಕಿ ಪ್ಲೇಟನ್ನು ಮಲಗಿಸಿದ. ಹತ್ತಿಯಿಂದ ಬುಡದ ಬಣ್ಣವನ್ನು ಮೆಲ್ಲಗೆ ಸವರಿದ. ಕರಿ ಬಣ್ಣ ನೀರಿನಲ್ಲಿ ನೂಲು ನೂಲಾಗಿ ಬಿಟ್ಟುಕೊಂಡಿತು. ಬಣ್ಣ ಅರ್ಧ ಹೋಗುವಷ್ಟರಲ್ಲಿ ಮೇಲಿನ ಮೂಲೆಯಲ್ಲಿ ಪೊರೆ ಎದ್ದಿತು. ಹಾಲಿನ ಕೆನೆಯ ಅಂಚಿನಂತೆ ಅದು ನೀರಿನಲ್ಲಿ ಅಲ್ಲಾಡುತ್ತಿತ್ತು. ಅದನ್ನು ಒತ್ತಿ ಹಿಡಿಯಬೇಕೆಂದು ಅವನ ಎಡಗೈ ತಾನಾಗಿ ಮೇಲಕ್ಕೆ ಹೋಯಿತು. ಹೆಂಗಸು ಅವನ ಬಲಗೈಯನ್ನೇ ನೋಡುತ್ತಿದ್ದಳು. ಅವನು ಎಡಗೈಯನ್ನು ಹಿಂದಕ್ಕೆ ತೆಗೆದುಕೊಂಡು ಉಳಿದ ಬಣ್ಣವನ್ನು ಸವರಿದ.

ಪ್ಲೇಟು ನೆರಳಿನಲ್ಲಿ ಒಣಗಿತು. ಮಾರನೆಯ ದಿನ ಬಿಸಿಲೇರಿದ ಮೇಲೆ ಅವನು ಅದನ್ನು ಚೌಕಟ್ಟಿನಲ್ಲಿಟ್ಟ.

"ಆಕಾಶಾನೂ ಬೇಕೇನು?" ಎಂದು ಕೇಳಿದ.

"ಬ್ಯಾಡ್ರೀ. ಅದನ್ನ ನಾ ನೋಡೀನಿ."

ಅವನು ಕೈಯಗಲದ ಕಾಗದ ಕತ್ತರಿಸಿ ಪ್ಲೇಟಿನ ಬುಡಕ್ಕಷ್ಟೇ ಒತ್ತಿ ಅಂಗಳದಲ್ಲಿ ಇಟ್ಟ. ಇಬ್ಬರೂ ಎದುರುಬದುರು ಕುಕ್ಕರಗಾಲಿನಲ್ಲಿ ಕೂತರು. ನಡುಹಗಲು. ಕಾಗೆಯೂ ಕೂಗುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರು ಇಬ್ಬರನ್ನು ನೋಡಿ, ನೆಲದಲ್ಲಿ ಏನು ಹುಡುಕುತ್ತಿದ್ದಾರೆ ಎಂದು ನಿಂತು ನೋಡಿ ಹೋದರು.

ಸ್ವಲ್ಪ ಹೊತ್ತಿಗೆ ಅವನು ಚೌಕಟ್ಟಿನ ಹಿಂಬದಿ ಸರಿಸಿ ಕಾಗದದ ತುದಿ ಎತ್ತಿದ. ದಂಡೆ ಮೂಡಿತ್ತು. ಜಾಲಿಮರ ಮೂಡಿತ್ತು. ನಡುವೆ, ಸೀಳಿನ ಬೆಳಕು ಬಿದ್ದಲ್ಲಿ, ಬೆಳ್ಳನೆ ಮರಳು. ಮರಳಿನ ಮೇಲೆ ಒಂದು ಸಣ್ಣ ಕಲೆ.

ಅವನಿಗೆ ಆ ಕಲೆ ನೆನಪಾಯಿತು. ಬಣ್ಣ ಬಳಿಯುವ ದಿನ ಪ್ಲೇಟಿನಲ್ಲಿ ಅದನ್ನು ಕಂಡಿದ್ದ. ನೆಗೆಟಿವಿನಲ್ಲಿ ಕಪ್ಪು ವಸ್ತು ತಿಳಿಯಾಗಿ, ತೂತಿನಂತೆ ಕಾಣುತ್ತದೆ. ಧೂಳು ಕೂತು ಪೊರೆಯಲ್ಲಿ ತೂತು ಬಿದ್ದಿದೆ ಎಂದುಕೊಂಡು, ಬಣ್ಣದ ಮೊದಲ ಹನಿಯನ್ನು ಅದರ ಮೇಲೆಯೇ ಇಟ್ಟಿದ್ದ.

ಕಾಗದವನ್ನು ಮತ್ತೆ ಬಿಸಿಲಿಗೆ ಬಿಟ್ಟ. ಇನ್ನೊಮ್ಮೆ ಎತ್ತಿದ. ಕಲೆ ಕಪ್ಪೇರಿತ್ತು. ಅದಕ್ಕೆ ಕಾಲುಗಳು ಬಂದಿದ್ದವು. ಎರಡು ಕಾಲು ಕೆಳಗೆ. ನಾಲ್ಕು ಮೇಲೆ. ತಲೆ ಇರಬೇಕಾದಲ್ಲಿ ಏನೋ ಅಡ್ಡಕ್ಕೆ ಚಪ್ಪಟೆಯಾಗಿತ್ತು, ಅದರಿಂದ ನಾಲ್ಕು ಕೋಲು ಆಕಾಶಕ್ಕೆ ಎದ್ದಿದ್ದವು. ಅಂಥ ಪ್ರಾಣಿ ಲೋಕದಲ್ಲಿ ಇಲ್ಲ. ಅದು ಅವನ ಕಡೆಗೇ ಮುಖ ಮಾಡಿ ನಿಂತಿತ್ತು, ಮುಖ ಇರಲಿಲ್ಲ. ಕೋಟೆಯ ಮೇಲೆ, ಕೆರೆಯ ಮೇಲೆ, ಸಾಹುಕಾರನ ಮಂಚದ ಮೇಲೆ, ಎಲ್ಲ ಕಡೆಯೂ ಇದು ಬಣ್ಣದ ಹಿಂದೆ ಹೀಗೇ ನಿಂತಿತ್ತು ಎಂದು ಅವನಿಗೆ ಅನ್ನಿಸಿತು. ಚೌಕಟ್ಟನ್ನು ನೆಲಕ್ಕಿಟ್ಟ.

ಹೆಂಗಸು ಕಾಗದ ಕಸಿದುಕೊಂಡಳು. ಅವನು ಕೊಟ್ಟ ಭೂತಗನ್ನಡಿಯನ್ನು ಅದರ ಮೇಲೆ ಇಟ್ಟು ಬಾಗಿದಳು. ಬಹಳ ಹೊತ್ತು ಬಾಗಿಯೇ ಇದ್ದಳು.

"ಹೊರಸು," ಎಂದಳು.

"ಏನು?"

"ಹೊರಸ್ರೀ. ತಲೀ ಮ್ಯಾಲೆ ಬೋರಲ ಹಾಕ್ಕೊಂಡು ಹೊತ್ತಾನ. ಒಂದು ಕಾಲು ಗಿಡ್ಡ ಐತಿ, ನೋಡ್ರಿ ಇಲ್ಲಿ. ಮುರದಿತ್ತು, ನಮ್ಮಪ್ಪ ಜಾಲಿಕಟಗಿ ಹಾಕಿ ಕೊಟ್ಟಿದ್ದ."

ಹಗ್ಗದ ಮಂಚ ಅದು. ಅವಳ ತವರಿನದು. ಕುರಿಗಾರರ ಹಟ್ಟಿಯಲ್ಲಿ ಒಬ್ಬ ಬಾಣಂತಿ ನೆಲದ ಮೇಲೆ ಮಲಗಿದ್ದಾಳೆಂದು ಗಂಡ ಅದನ್ನು, ಮನೆಯಲ್ಲಿ ಒಂದು ಮಾತೂ ಕೇಳದೆ ಕೊಟ್ಟು ಬಂದಿದ್ದ. ಜಗಳ ಅದಕ್ಕೇ.

"ಹೊರಸು ಬರೂ ತನಕ ನೀನೂ ಹೊಸ್ತಲ ದಾಟಬ್ಯಾಡ ಅಂದಿದ್ದೆ," ಎಂದಳು ಅವಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. "ತರಾಕತ್ತಿದ್ದ ನೋಡ್ರೀ, ಮೂಳ. ಮೋಡ ಅಷ್ಟು ಎದ್ದರೂ ಹೊತ್ಕೊಂಡು ಬರಾಕತ್ತಿದ್ದ."

ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಇಲ್ಲಿಗೆ ಎದ್ದು ಹೋಗಬಹುದಿತ್ತು. ಆದರೆ ಅವಳು ಭೂತಗನ್ನಡಿಯನ್ನು ಮತ್ತೆ ಕಾಗದದ ಮೇಲೆ ಇಟ್ಟು ಬಾಗಿದಳು.

"ಯಾಕ ನಿಂತಾನಿವ?"

ಚಿತ್ರಗಾರ ಅವಳ ಪಕ್ಕಕ್ಕೆ ಸರಿದು ಬಾಗಿದ.

"ಕಾಲು ಜೋಡಿಸಿ ನಿಂತಾನ್ರೀ. ನಡು ಹಳ್ಳದಾಗ. ಹೊರಿ ಹೊತ್ತಾಂವ ಯಾಕ ನಿಲ್ತಾನ?"

ಚಿತ್ರಗಾರನೂ ಅದನ್ನೇ ನೋಡುತ್ತಿದ್ದ. ಆ ಕಾಲದ ಪ್ಲೇಟಿಗೆ ಬೆಳಕು ಬೇಗ ಹತ್ತುತ್ತಿರಲಿಲ್ಲ. ನಡೆಯುವವನು ಅದರಲ್ಲಿ ಹೊಗೆಯಾಗುತ್ತಿದ್ದ, ಇಲ್ಲವೇ ಕಾಣಿಸುತ್ತಲೇ ಇರಲಿಲ್ಲ. ಇವನ ಒಂದೊಂದು ಬೆರಳೂ ಸ್ಪಷ್ಟವಾಗಿತ್ತು. ಉಸಿರು ಬಿಗಿಹಿಡಿದು ನಿಂತವನ ಹಾಗೆ ನಿಂತಿದ್ದ.

ಆಗ ಅವನಿಗೆ ಆ ಸಂಜೆ ಪೂರಾ ನೆನಪಿಗೆ ಬಂತು. ಲೆನ್ಸಿನ ಮುಚ್ಚಳ ತೆಗೆಯಲು ಅವನು ಕಾಯುತ್ತಿದ್ದ. ಕಣ್ಣು ಮೇಲೆ, ಸೀಳಿನಲ್ಲಿ ನೆಟ್ಟಿತ್ತು. ಬೆಳಕು ಈಗ ಬೀಳುತ್ತದೆ, ಈಗ ಬೀಳುತ್ತದೆ. ಕೆಳಗಿನಿಂದ ಯಾರೋ ಕೂಗಿದಂತಾಗಿತ್ತು. ಎದುರಿಗೆ ಯಾರು ಬಂದರೂ ಅವನು ಮಾಡುತ್ತಿದ್ದದ್ದು ಒಂದೇ. ಮಾತಾಡುತ್ತಿರಲಿಲ್ಲ, ತಿರುಗಿ ನೋಡುತ್ತಿರಲಿಲ್ಲ, ಅಂಗೈ ಚಾಚುತ್ತಿದ್ದ. ಅಲ್ಲೇ ನಿಲ್ಲು ಎಂದು ಅದರ ಅರ್ಥ. ಹಳ್ಳಿಯ ಜನ ದೊಡ್ಡ ಕ್ಯಾಮೆರಾ ಕಂಡರೆ ಕಲ್ಲಾಗಿ ನಿಲ್ಲುತ್ತಾರೆ. ಅವತ್ತೂ ಅಂಗೈ ಚಾಚಿದ್ದ. ಬೆಳಕು ಬಿತ್ತು. ಮುಚ್ಚಳ ತೆಗೆದು ಮತ್ತೆ ಮುಚ್ಚಿದ. ಅಷ್ಟರಲ್ಲಿ ಗಾಳಿ ಎದ್ದು ಧೂಳು ಬಂತು. ಪ್ಲೇಟಿಗೆ ಧೂಳು ತಾಗಬಾರದೆಂದು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ, ಗಾಡಿಯ ಕಡೆಗೆ ಓಡಿದ್ದ. ಹಿಂದಿನಿಂದ ಒಂದು ಮೊರೆತ ಕೇಳಿಸಿತ್ತು. ಗುಡುಗು ಎಂದುಕೊಂಡಿದ್ದ. ಇನ್ನು ಹೋಗಬಹುದು ಎಂದು ಅವನು ಆ ಮನುಷ್ಯನಿಗೆ ಕೈ ತೋರಿಸಲೇ ಇಲ್ಲ.

ಹೇಳದಿದ್ದರೂ ನಡೆಯುತ್ತಿತ್ತು. ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

"ನಾ ನಿಲ್ಲಿಸಿದೆ ಯವ್ವಾ," ಎಂದ. ಅಂಗೈ ಚಾಚಿ ತೋರಿಸಿದ. "ಹಿಂಗ."

ಹೆಂಗಸು ಆ ಅಂಗೈಯನ್ನು ನೋಡಿದಳು. ಅವನು ಬೈಗುಳಕ್ಕೆ ಕಾದ. ಏಟಿಗೂ ಕಾದ.

"ನಿಲ್ಲು ಅಂದ್ರ ನಿಲ್ಲಾಂವಲ್ಲ ಅವ," ಎಂದಳು ಅವಳು ಮೆಲ್ಲಗೆ. "ಕಟಗೊಂಡ ಬಂದಾಗಿಂದ ನನ್ನ ಮಾತಿಗೆ ಒಂದಿನಾನೂ ನಿಂತಾಂವಲ್ಲ. ನಿಮ್ಮ ಕೈಗೆ ನಿಂತಾನ."

ಅವಳು ಎದ್ದಳು. ಕಾಗದವನ್ನು ಸೆರಗಿನಲ್ಲಿ ಸುತ್ತಿದಳು.

"ತಡಿ," ಎಂದ ಅವನು. "ಅದನ್ನ ಮದ್ದಿನ ನೀರಾಗ ಅದ್ದಬೇಕು. ಇಲ್ಲಾಂದ್ರ ಬೆಳಕು ಬಿದ್ದಂಗ ಪೂರಾ ಕರ್ರಗಾಗ್ತೈತಿ. ಅವ ಉಳ್ಯಂಗಿಲ್ಲ."

"ಇದಕ್ಕ ಮಣ್ಣು ಕೊಡ್ತೀನ್ರಿ," ಎಂದಳು ಹೆಂಗಸು. "ಮಣ್ಣಾಗ ಬೆಳಕು ಎಲ್ಲೈತಿ?"

ಅವಳು ಬೀದಿಗೆ ಇಳಿದು ಹೋದಳು. ಹಿರಿಯರು ಹೂಂ ಎಂದರೋ ಇಲ್ಲವೋ, ಅವಳು ಕಾಯಲಿಲ್ಲ. ಹಳ್ಳದ ಈಚೆ ದಂಡೆಯಲ್ಲಿ ತಾನೇ ಗುಣಿ ತೋಡಿ, ಆ ಕೈಯಗಲದ ಕಾಗದಕ್ಕೆ ತಾನೇ ಮಣ್ಣು ಕೊಟ್ಟಳು. ಬಳೆಯನ್ನೂ ಅದರೊಳಗೇ ಹಾಕಿದಳು. ಓಡಿಸಿದಾಕಿ ಎಂದು ಆಮೇಲೆ ಯಾರಾದರೂ ಕರೆದರೆ, "ಹೌದು, ಓಡಿಸಿದ್ದೆ. ತಿರುಗಿ ಬರತಿದ್ದ," ಎನ್ನುತ್ತಿದ್ದಳಂತೆ.

ಚಿತ್ರಗಾರ ಮಾತ್ರ ಆ ಹಗಲು ಅಂಗಳದಲ್ಲೇ ಕೂತಿದ್ದ. ಬೀದಿಯಲ್ಲಿ ಪರಿಚಯದವರು ಹೋಗುತ್ತ, "ಏನ್ರೀ, ಊಟ ಆತೇನು?" ಎಂದರು. ಅವನು ಕೈ ಎತ್ತಿ ಉತ್ತರ ಕೊಡಲು ಹೋದ. ಕೈ ಏಳಲಿಲ್ಲ.

ಸಾವಂತ್ರವ್ವ ಕತೆ ನಿಲ್ಲಿಸಿದಳು.

ಫಕೀರೇಶ ಕೆಳಗಿಟ್ಟಿದ್ದ ಮೋಡಗಳ ನೆಗೆಟಿವ್ ಕಡೆ ನೋಡಿದ. ಆಮೇಲೆ ಕೇಳಿದ.

"ಅವ್ವಾ, ಮೇಲಿನ ಮೂಲೆಯಲ್ಲಿ ಪೊರೆ ಎದ್ದಿತ್ತಲ್ಲ, ಅದು ಏನಾಯಿತು? ಆ ಆಕಾಶ ಉಳಿಯಿತೇ?"

ಸಾವಂತ್ರವ್ವ ಅವನ ಮುಖ ನೋಡಿದಳು.

"ನೀನೂ ಆಕಾಶವನ್ನೇ ಕೇಳಿದೆ."